ಬೀಜ ಕಟ್ಟದ ಗಿಡಕ್ಕೊಬ್ಬ ತಳಿತಜ್ಞ

ಪೆಪ್ಪರಮೆಂಟು ಎಂದರೆ ಏನೆಂದು ಯಾವ ಊರಿನ ಮಗುವನ್ನು ಬೇಕಾದರೂ ಕೇಳಿ ನೋಡಿ. ಅಂಗಡಿಯ ಗಾಜಿನ ಭರಣಿಯಲ್ಲಿರುವ ಬಣ್ಣಬಣ್ಣದ ಸಕ್ಕರೆ ಮಿಠಾಯಿ ಎಂಬ ಉತ್ತರ ತಟ್ಟನೆ ಬರುತ್ತದೆ. ಕಿತ್ತಳೆ ರುಚಿಯದೂ ಪೆಪ್ಪರಮೆಂಟೇ, ನಿಂಬೆ ರುಚಿಯದೂ ಪೆಪ್ಪರಮೆಂಟೇ. ಆದರೆ ಮೂಲದಲ್ಲಿ ಅದು ಮಿಠಾಯಿಯ ಹೆಸರಲ್ಲ, ಒಂದು ಗಿಡದ ಹೆಸರು. ಪೆಪ್ಪರ್‌ಮಿಂಟ್ ಎಂಬ ಆ ಗಿಡ ಅಡುಗೆಮನೆಯ ಪುದೀನದ ಹತ್ತಿರದ ನೆಂಟ. ಎರಡೂ ಮೆಂಥಾ ಎಂಬ ಒಂದೇ ಕುಲಕ್ಕೆ ಸೇರಿದವು.

ಈ ಗಿಡದ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಇಬ್ಬನಿ ಕೂತಂತೆ ಸಣ್ಣ ಸಣ್ಣ ಗ್ರಂಥಿಗಳು ಕಾಣುತ್ತವೆ. ಅದರ ಎಣ್ಣೆ ಇರುವುದು ಅಲ್ಲಿ. ಹೂ ಬಿಡುವ ಹೊತ್ತಿಗೆ ಬೆಳೆಯನ್ನು ಕೊಯ್ದು, ಸ್ವಲ್ಪ ಬಾಡಿಸಿ, ಹಬೆ ಹಾಯಿಸಿ ಎಣ್ಣೆಯನ್ನು ಬಟ್ಟಿ ಇಳಿಸುತ್ತಾರೆ. ಟೂತ್‌ಪೇಸ್ಟು, ಚ್ಯೂಯಿಂಗ್ ಗಮ್, ಕೆಮ್ಮಿನ ಗುಳಿಗೆ ಎಲ್ಲಕ್ಕೂ ಅದು ಬೇಕು. ಎಣ್ಣೆಯಲ್ಲಿ ಮುಖ್ಯವಾದದ್ದು ಮೆಂಥಾಲ್. ಬಾಯಿಗೆ ತಂಪೆನಿಸಿದರೂ ಮೆಂಥಾಲ್ ನಿಜವಾಗಿ ಏನನ್ನೂ ತಣ್ಣಗೆ ಮಾಡುವುದಿಲ್ಲ. ಚಳಿಯನ್ನು ಗುರುತಿಸುವ ನರಗಳಲ್ಲಿ ಒಂದು ಪುಟ್ಟ ಬಾಗಿಲಿದೆ. ಮೆಂಥಾಲ್ ಅದನ್ನು ತಟ್ಟಿ ತೆರೆಯುತ್ತದೆ, ಮೆದುಳು ಮೋಸಹೋಗುತ್ತದೆ. ಆ ಬಾಗಿಲು ಯಾವುದೆಂದು ವಿಜ್ಞಾನಿಗಳಿಗೆ ತಿಳಿದದ್ದು 2002ರಲ್ಲಿ. ಉಷ್ಣತೆ ಮತ್ತು ಸ್ಪರ್ಶದ ಇಂಥ ಬಾಗಿಲುಗಳನ್ನು ಕಂಡುಹಿಡಿದವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇಷ್ಟೆಲ್ಲ ಬೇಡಿಕೆಯಿರುವ ಗಿಡಕ್ಕೆ ಒಂದು ದೊಡ್ಡ ಕೊರತೆ ಇದೆ. ಅದು ಬೀಜ ಕಟ್ಟುವುದಿಲ್ಲ. ಹೊಸ ತಳಿ ಮಾಡುವವನಿಗೆ ಬೀಜವೇ ಬಂಡವಾಳ. ಬಂಡವಾಳವೇ ಇಲ್ಲದ ಕಡೆ ವ್ಯಾಪಾರ ನಡೆಸುವುದು ಹೇಗೆ? ಅಮೆರಿಕದ ಮೆರಿಟ್ ಮರ್ರೆ ಎಂಬ ತಳಿತಜ್ಞನ ಮುಂದಿದ್ದ ಪ್ರಶ್ನೆ ಇದು. ಆತನ ವೃತ್ತಿಜೀವನದ ಬಹುಭಾಗ ಅದಕ್ಕೇ ಮೀಸಲಾಯಿತು.

ಹೇಸರಗತ್ತೆಯಂಥ ಗಿಡ

ಪೆಪ್ಪರ್‌ಮಿಂಟನ್ನು ಇಂಗ್ಲೆಂಡಿನ ಸಸ್ಯವಿಜ್ಞಾನಿ ಜಾನ್ ರೇ 1696ರಲ್ಲಿ ಬೇರೆಯೇ ಗಿಡವೆಂದು ಗುರುತಿಸಿ ವರ್ಣಿಸಿದ. ಮುಂದಿನ ಶತಮಾನದಲ್ಲಿ ಲಂಡನ್ನಿನ ಪಕ್ಕದ ಮಿಚಮ್ ಎಂಬಲ್ಲಿ ಅದರ ಬೇಸಾಯ ಬೇರೂರಿತು. ಅಲ್ಲಿಯ ಕಪ್ಪು ಛಾಯೆಯ ಕಾಂಡದ ಗಿಡಕ್ಕೆ ಬ್ಲ್ಯಾಕ್ ಮಿಚಮ್ ಎಂದೇ ಹೆಸರಾಯಿತು.

ಈ ಗಿಡದ ತಂದೆತಾಯಿ ಎರಡು ಬೇರೆ ಪ್ರಭೇದಗಳು. ಒಂದು, ಹಳ್ಳಕೊಳ್ಳಗಳ ಅಂಚಿನಲ್ಲಿ ಬೆಳೆಯುವ ನೀರು ಮಿಂಟ್. ಇನ್ನೊಂದು, ತೋಟದ ಸ್ಪಿಯರ್‌ಮಿಂಟ್. ಮೊದಲನೆಯದರ ಜೀವಕೋಶದಲ್ಲಿ 96 ವರ್ಣತಂತುಗಳು, ಎರಡನೆಯದರಲ್ಲಿ 48. ಎರಡರಿಂದಲೂ ಅರ್ಧರ್ಧ ಬಂದು ಸೇರಿದಾಗ ಮಗುವಿಗೆ ಸಿಕ್ಕಿದ್ದು 72. ಪರಾಗ ಮತ್ತು ಅಂಡಕೋಶ ತಯಾರಾಗುವಾಗ ವರ್ಣತಂತುಗಳು ಜೋಡಿ ಜೋಡಿಯಾಗಿ ನಿಲ್ಲಬೇಕು. ಎರಡು ಬೇರೆ ಮನೆತನಗಳಿಂದ ಬಂದವುಗಳಿಗೆ ಸರಿಯಾದ ಜೋಡಿ ಸಿಗುವುದಿಲ್ಲ, ಹಂಚಿಕೆ ಏರುಪೇರಾಗುತ್ತದೆ, ಬೀಜ ಕಟ್ಟುವುದಿಲ್ಲ. ಕುದುರೆ ಮತ್ತು ಕತ್ತೆಗೆ ಹುಟ್ಟಿದ ಹೇಸರಗತ್ತೆ ಮರಿ ಹಾಕದಿರುವುದಕ್ಕೂ ಕಾರಣ ಇಂಥದೇ.

ಆದರೆ ಹೇಸರಗತ್ತೆಗಿಲ್ಲದ ಒಂದು ಅನುಕೂಲ ಗಿಡಕ್ಕಿದೆ. ಸೊಪ್ಪು ಬಿಡಿಸಿಕೊಂಡ ಪುದೀನದ ಕಡ್ಡಿಯನ್ನು ಹಿತ್ತಲಲ್ಲಿ ಚುಚ್ಚಿದರೆ ಚಿಗುರುವುದನ್ನು ಯಾರು ನೋಡಿಲ್ಲ? ಪೆಪ್ಪರ್‌ಮಿಂಟೂ ಹಾಗೆಯೇ. ನೆಲದಲ್ಲಿ ಹರಿಯುವ ಹಬ್ಬುಕಾಂಡಗಳ ತುಂಡುಗಳನ್ನು ಸಾಲಿನಲ್ಲಿ ಹೂತರೆ ಹೊಲ ತುಂಬುತ್ತದೆ. ಬಾಳೆಯನ್ನು ಕಂದಿನಿಂದ ಬೆಳೆಸುವ ಕ್ರಮವೇ ಇದು. ಹೀಗಾಗಿ ಸಾವಿರ ಎಕರೆಯಲ್ಲಿ ಇರುವುದು ಸಾವಿರಾರು ಗಿಡಗಳೆಂದು ಕಂಡರೂ, ಅನುವಂಶಿಕತೆಯ ಲೆಕ್ಕದಲ್ಲಿ ಅದೆಲ್ಲ ಒಂದೇ ಗಿಡ. ಎಣ್ಣೆಯ ರುಚಿ ಎಲ್ಲ ಕಡೆಯೂ ಒಂದೇ ಆಗಿರುತ್ತದೆ ಎಂಬುದು ಇದರ ಲಾಭ. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ ಎಂಬುದು ನಷ್ಟ.

ನಂಜನಗೂಡಿನ ರಸಬಾಳೆಯನ್ನು ಬೆಳೆದ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಪನಾಮಾ ಸೊರಗು ರೋಗ ಆ ತೋಟಗಳನ್ನು ಹೊಕ್ಕ ಮೇಲೆ ಊರಿನ ಹೆಸರನ್ನೇ ಹೊತ್ತ ಹಣ್ಣು ಆ ಊರಲ್ಲೇ ಅಪರೂಪವಾಯಿತು. ಅಮೆರಿಕದ ಪೆಪ್ಪರ್‌ಮಿಂಟ್ ಹೊಲಗಳಲ್ಲೂ ನಡೆದದ್ದು ಇದೇ ಬಗೆಯ ಕಥೆ.

ಮೆಂಥಾ ಎಂಬ ಊರು

ಮಿಷಿಗನ್ ರಾಜ್ಯದ ಆಲ್ಬರ್ಟ್ ಟಾಡ್ ಎಂಬ ಯುವಕ 1869ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಪೆಪ್ಪರ್‌ಮಿಂಟ್ ಎಣ್ಣೆಯ ಉದ್ಯಮಕ್ಕೆ ಕೈಹಾಕಿದ. ಕಲಬೆರಕೆ ಎಣ್ಣೆಯೇ ತುಂಬಿದ್ದ ಮಾರುಕಟ್ಟೆಯಲ್ಲಿ ಶುದ್ಧ ಎಣ್ಣೆ ಕೊಟ್ಟು ಹೆಸರು ಮಾಡಿದ. ಕಲಮಜೂ ಪಟ್ಟಣದ 'ಪೆಪ್ಪರ್‌ಮಿಂಟ್ ರಾಜ' ಎಂದು ಜನ ಕರೆದರು. 1897ರಿಂದ ಎರಡು ವರ್ಷ ಆತ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯನೂ ಆಗಿದ್ದ. ಜೌಗು ನೆಲವನ್ನು ಬಸಿದು ಹೊಲ ಮಾಡಿಸಿ, ಕೆಲಸಗಾರರಿಗೆ ಮನೆ ಕಟ್ಟಿಸಿ ಒಂದು ಊರನ್ನೇ ಎಬ್ಬಿಸಿದ. ಆ ಊರಿನ ಹೆಸರು ಮೆಂಥಾ! ಇಂಗ್ಲೆಂಡಿನಿಂದ ಬಂದ ಬ್ಲ್ಯಾಕ್ ಮಿಚಮ್ ಅಲ್ಲಿಯ ಕರಿಮಣ್ಣಿನಲ್ಲಿ ಹುಲುಸಾಗಿ ಬೆಳೆಯಿತು.

1924ರಲ್ಲಿ ಮಿಷಿಗನ್ನಿನ ಹೊಲಗಳಲ್ಲಿ ಹೊಸ ರೋಗವೊಂದು ಕಣ್ಣಿಗೆ ಬಿತ್ತು. ತುದಿಯ ಎಲೆಗಳು ಒಂದು ಬದಿಗೆ ಸೊಟ್ಟಗಾಗುವುವು. ಬಣ್ಣ ಹಳದಿಗೋ ತಾಮ್ರಕ್ಕೋ ತಿರುಗುವುದು. ಗಿಡ ಕುಳ್ಳಾಗಿ, ಸೊರಗಿ ಒಣಗುವುದು. ಇದಕ್ಕೆ ಕಾರಣ ವರ್ಟಿಸಿಲಿಯಮ್ ಎಂಬ ಮಣ್ಣಿನ ಶಿಲೀಂಧ್ರ. ಬೇರಿನ ಮೂಲಕ ಒಳಹೊಕ್ಕು ನೀರು ಸಾಗಿಸುವ ನಾಳಗಳನ್ನೇ ಅದು ಮುಚ್ಚಿಬಿಡುತ್ತದೆ. ಮಣ್ಣು ತೇವವಾಗಿದ್ದರೂ ಗಿಡಕ್ಕೆ ಬಾಯಾರಿಕೆ. ಗಿಡ ಸತ್ತ ಮೇಲೂ ಶಿಲೀಂಧ್ರ ಸಾಯುವುದಿಲ್ಲ. ಗಸಗಸೆಗಿಂತ ಚಿಕ್ಕದಾದ ಕಪ್ಪು ಗಂಟುಗಳಾಗಿ ವರ್ಷಗಟ್ಟಲೆ ಮಣ್ಣಿನಲ್ಲಿ ಕಾದಿರುತ್ತದೆ. ಒಮ್ಮೆ ರೋಗ ಬಂದ ಹೊಲವನ್ನು ಮತ್ತೆ ಮಿಂಟ್‌ಗೆ ಬಳಸುವ ಆಸೆ ಬಿಡಬೇಕು.

ರೈತರು ಹೊಸ ನೆಲ ಹುಡುಕಿಕೊಂಡು ಹೊರಟರು. ಬೇಸಾಯ ಪಶ್ಚಿಮ ತೀರದ ಒರೆಗಾನ್, ವಾಷಿಂಗ್ಟನ್ ರಾಜ್ಯಗಳಿಗೆ ಸಾಗಿತು. ಆದರೆ ನಾಟಿಗೆ ಕೊಂಡೊಯ್ದದ್ದು ಹಬ್ಬುಕಾಂಡಗಳನ್ನು ತಾನೆ? ರೋಗವೂ ಅದರ ಜೊತೆಯಲ್ಲೇ ಪ್ರಯಾಣ ಮಾಡಿತು. ಕೊಯ್ಲಾದ ಹೊಲದ ಮೇಲೆ ಅನಿಲದ ಜ್ವಾಲೆ ಹಾಯಿಸಿ ಶಿಲೀಂಧ್ರವನ್ನು ಸುಡುವ ಪದ್ಧತಿಯೂ ಮುಂದೆ ಬಂತು. ಅದರಿಂದ ರೋಗ ಹರಡುವ ವೇಗ ತಗ್ಗಬಹುದು, ಮಣ್ಣಿನೊಳಗಿನ ರೋಗ ಹೋಗದು. ಗಿಡವೇ ರೋಗವನ್ನು ತಡೆದುಕೊಳ್ಳುವಂತಾಗಬೇಕು. ಆ ಕೆಲಸ ಟಾಡ್ ಕಂಪನಿಯ ತಳಿತಜ್ಞ ಮರ್ರೆಯ ಪಾಲಿಗೆ ಬಂತು.

ದಂಟಿನಿಂದ ಮಿಂಟ್‌ಗೆ

ಮರ್ರೆ ಮೊದಲು ಹೆಸರು ಮಾಡಿದ್ದು ಮಿಂಟ್‌ನಲ್ಲಲ್ಲ. 1940ರಲ್ಲಿ ಆತ ಪ್ರಕಟಿಸಿದ ಸಂಶೋಧನೆ ದಂಟು, ಹರಿವೆಗಳ ಕುಟುಂಬದ ಬಗ್ಗೆ. ಆ ಕುಟುಂಬದ ಕೆಲವು ಪ್ರಭೇದಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಯಾವುದು ಗಂಡಾಗಬೇಕು, ಯಾವುದು ಹೆಣ್ಣಾಗಬೇಕು ಎಂಬುದು ಹೇಗೆ ತೀರ್ಮಾನವಾಗುತ್ತದೆ ಎಂದು ಆತ ಹುಡುಕುತ್ತಿದ್ದ. ಅನುವಂಶೀಯತೆಯ ಲೆಕ್ಕಾಚಾರದಲ್ಲಿ ಪಳಗಿದ ಅದೇ ಕೈ ಮುಂದೆ ಮಿಂಟ್ ಗಿಡಗಳಿಗೆ ತಿರುಗಿತು.

ರೋಗವನ್ನು ತಾಳಿಕೊಳ್ಳುವ ಮಿಂಟ್ ಜಾತಿಗಳು ಇಲ್ಲವೆಂದಲ್ಲ. ಸ್ಪಿಯರ್‌ಮಿಂಟ್‌ಗೆ ಈ ಶಿಲೀಂಧ್ರದ ಬಾಧೆ ಅಷ್ಟಿಲ್ಲ. ಬೀಜ ಕಟ್ಟುವ ಜಾತಿಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ಸಂಕರಗಳನ್ನು ಪಡೆಯುವುದೂ ಸಾಧ್ಯವಿತ್ತು. ತೊಡಕು ಬಂದದ್ದು ರುಚಿಯಲ್ಲಿ. ರೋಗ ತಡೆಯುವ ಸಂಕರದ ಎಣ್ಣೆ ಪೆಪ್ಪರ್‌ಮಿಂಟ್ ಎಣ್ಣೆಯಾಗಿರಲಿಲ್ಲ. ಕೊಳ್ಳುವವರೋ ಮಿಠಾಯಿ ಮತ್ತು ಚ್ಯೂಯಿಂಗ್ ಗಮ್ ಕಾರ್ಖಾನೆಗಳವರು. ಅವರಿಗೆ ಬೇಕಾದದ್ದು ಹೊಸ ರುಚಿಯಲ್ಲ, ಹಳೆಯದೇ ರುಚಿ. ಗಿಡ ಬದಲಾಗಬೇಕು, ರುಚಿ ಬದಲಾಗಬಾರದು. ಮರ್ರೆಗೆ ಒದಗಿದ್ದ ಇಕ್ಕಟ್ಟು ಇದು.

ಹಾಗಾದರೆ ರುಚಿ ಹುಟ್ಟುವುದು ಹೇಗೆ? ಆತ ಅದನ್ನೇ ಬೆನ್ನು ಹತ್ತಿದ. ಒಂದೊಂದು ಸಂಕರದ ಎಲೆಯಿಂದಲೂ ಎಣ್ಣೆ ತೆಗೆದು ಅದರಲ್ಲಿ ಏನೇನಿದೆ ಎಂದು ಅಳೆಯುವ ಕೆಲಸ. 1950ರ ದಶಕದಲ್ಲಿ ಬಂದ ಗ್ಯಾಸ್ ಕ್ರೊಮಟೊಗ್ರಫಿ ಎಂಬ ಹೊಸ ವಿಧಾನ ಇದಕ್ಕೆ ಒದಗಿಬಂತು. ಎಣ್ಣೆಯ ಒಂದು ತೊಟ್ಟನ್ನು ಅದರ ಹತ್ತಾರು ಘಟಕಗಳಾಗಿ ಬಿಡಿಸಿ ತೋರಿಸುವ ಉಪಕರಣ ಅದು. 1960ರಲ್ಲಿ ಮರ್ರೆ ಪ್ರಕಟಿಸಿದ ಸಂಗತಿ ಇದು: ಜಪಾನಿ ಮಿಂಟ್‌ನಲ್ಲಿ ಮೆಂಥೋನ್ ಎಂಬ ವಸ್ತು ಮೆಂಥಾಲ್ ಆಗಿ ಬದಲಾಗುವುದು ಒಂದೇ ಒಂದು ಪ್ರಬಲ ಜೀನಿನ ಬಲದಿಂದ. ಆ ಜೀನ್ ಇದ್ದರೆ ಮೆಂಥಾಲ್, ಇಲ್ಲದಿದ್ದರೆ ಮೆಂಥೋನ್‌ನಲ್ಲೇ ನಿಲುಗಡೆ. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ ನಿಯಮವನ್ನೇ ಮರ್ರೆ ಎಲೆಯ ಪರಿಮಳದಲ್ಲಿ ಕಂಡ.

ಇನ್ನೊಂದು ಸೋಜಿಗ ನೋಡಿ. ಪೆಪ್ಪರ್‌ಮಿಂಟ್ ಮತ್ತು ಸ್ಪಿಯರ್‌ಮಿಂಟ್ ಪರಿಮಳಗಳು ಎಷ್ಟು ಬೇರೆ! ಆದರೂ ಎರಡೂ ಹೊರಡುವುದು ಲಿಮೊನೀನ್ ಎಂಬ ಒಂದೇ ಅಣುವಿನಿಂದ. ಆ ಅಣುವಿನ ಒಂದು ಮೂಲೆಗೆ ಆಮ್ಲಜನಕ ಸೇರಿದರೆ ದಾರಿ ಸ್ಪಿಯರ್‌ಮಿಂಟ್ ಪರಿಮಳದ ಕಾರ್ವೋನ್ ಕಡೆಗೆ. ಇನ್ನೊಂದು ಮೂಲೆಗೆ ಸೇರಿದರೆ ಮೆಂಥಾಲ್ ಕಡೆಗೆ. ಈ ಕವಲು ದಾರಿಯ ಹಿಂದೆ ಜೀನುಗಳಿವೆ ಎಂಬುದನ್ನು ಮರ್ರೆ ಮತ್ತು ಸಂಗಡಿಗರು ಗಿಡಗಳನ್ನು ಕೂಡಿಸಿ, ಮಕ್ಕಳು ಮೊಮ್ಮಕ್ಕಳನ್ನು ಎಣಿಸಿಯೇ ಕಂಡುಕೊಂಡರು. ಬಹುಕಾಲದ ನಂತರ, 2000ದಲ್ಲಿ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸ್ಪಿಯರ್‌ಮಿಂಟ್‌ನ ಕಿಣ್ವದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಿಸಿದರು. ಅದು ಪೆಪ್ಪರ್‌ಮಿಂಟ್ ದಾರಿ ಹಿಡಿಯಿತು!

ಪೆಪ್ಪರ್‌ಮಿಂಟನ್ನೇ ಹೊಸದಾಗಿ ಹುಟ್ಟಿಸುವ ಯತ್ನವನ್ನೂ ಮರ್ರೆ ಮಾಡಿದ. ನೀರು ಮಿಂಟ್ ಮತ್ತು ಸ್ಪಿಯರ್‌ಮಿಂಟ್‌ಗಳನ್ನು ಮತ್ತೆ ಕೂಡಿಸಿ, ಹುಟ್ಟಿದ ಮಕ್ಕಳ ಎಣ್ಣೆಯನ್ನು ಪರೀಕ್ಷಿಸಿ, 1972ರಲ್ಲಿ ಸಂಗಡಿಗರೊಂದಿಗೆ ಫಲಿತಾಂಶ ಪ್ರಕಟಿಸಿದ. ಪ್ರಕೃತಿಯಲ್ಲಿ ಆಕಸ್ಮಿಕವಾಗಿ ಆದ ಮದುವೆಯನ್ನು ಮನುಷ್ಯ ಮತ್ತೊಮ್ಮೆ ಮಾಡಿಸಿ ನೋಡಿದಂತೆ ಇದು. ಅದರಿಂದ ಪೆಪ್ಪರ್‌ಮಿಂಟ್‌ನ ಹುಟ್ಟಿನ ಬಗ್ಗೆ ತಿಳಿವಳಿಕೆ ಬೆಳೆಯಿತು. ರೈತನ ಹೊಲಕ್ಕೆ ಮದ್ದು ಸಿಕ್ಕಿದ್ದು ಮಾತ್ರ ಇನ್ನೊಂದು ದಾರಿಯಿಂದ.

ಪರಮಾಣುವಿನ ಮೊರೆ

ಕ್ಷ-ಕಿರಣ ತಾಗಿದರೆ ಜೀನುಗಳಲ್ಲಿ ದಿಢೀರ್ ಬದಲಾವಣೆ ಆಗುತ್ತದೆಂದು ಹರ್ಮನ್ ಮುಲ್ಲರ್ 1927ರಲ್ಲಿ ಹಣ್ಣುನೊಣಗಳಲ್ಲಿ ತೋರಿಸಿದ್ದ. ಇಂಥ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಬಾಂಬಿನ ಕೆಟ್ಟ ಹೆಸರು ಹೊತ್ತ ಪರಮಾಣುವಿನಿಂದ ಏನಾದರೂ ಒಳ್ಳೆಯದಾಗಲಿ ಎಂಬ ಹಂಬಲ ಎಲ್ಲೆಡೆ ಇತ್ತು. ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬೆಳೆಗಳ ಬೀಜ, ಮೊಗ್ಗುಗಳಿಗೆ ವಿಕಿರಣ ತಾಗಿಸಿ ನೋಡುವ ಕೆಲಸ ನಡೆದಿತ್ತು. ಅಲ್ಲಿಗೆ 1950ರ ದಶಕದ ನಡುವಿನಲ್ಲಿ ಪೆಪ್ಪರ್‌ಮಿಂಟ್‌ನ ಹಬ್ಬುಕಾಂಡಗಳೂ ಹೋದವು. ಕೆಲವಕ್ಕೆ ಕ್ಷ-ಕಿರಣ, ಕೆಲವಕ್ಕೆ ನ್ಯೂಟ್ರಾನ್.

ಬೀಜವಿಲ್ಲದ ಗಿಡಕ್ಕೆ ಇದಕ್ಕಿಂತ ಒಪ್ಪುವ ದಾರಿ ಇಲ್ಲ. ಇಲ್ಲಿ ಎರಡು ಗಿಡಗಳ ಗುಣಗಳು ಕಲೆಯುವುದಿಲ್ಲ. ಬ್ಲ್ಯಾಕ್ ಮಿಚಮ್ ಬ್ಲ್ಯಾಕ್ ಮಿಚಮ್ ಆಗಿಯೇ ಉಳಿಯುತ್ತದೆ. ಅದರ ಜೀನುಗಳ ದೊಡ್ಡ ಗ್ರಂಥದಲ್ಲಿ ಎಲ್ಲೋ ಒಂದೆರಡು ಅಕ್ಷರ ಮಾತ್ರ ಪಲ್ಲಟವಾಗುತ್ತದೆ. ಎಲ್ಲಿ ಪಲ್ಲಟವಾಗುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಹೆಚ್ಚಿನವು ಕೆಡುಕೇ ಮಾಡುತ್ತವೆ. ಗಿಡ ಸಾಯಬಹುದು, ಕುಳ್ಳಾಗಬಹುದು, ಎಣ್ಣೆ ಕೆಡಬಹುದು. ಜೊತೆಗೆ, ಒಂದು ಮೊಗ್ಗಿನಲ್ಲಿ ಬದಲಾಗುವುದು ಯಾವುದೋ ಒಂದು ಜೀವಕೋಶ. ಅದರ ಅಕ್ಕಪಕ್ಕದವು ಹಳೆಯವೇ. ಚಿಗುರಿದ ಗಿಡ ತೇಪೆ ಹಾಕಿದ ಬಟ್ಟೆಯಂತಿರುತ್ತದೆ. ಅದನ್ನು ಮತ್ತೆ ಮತ್ತೆ ತುಂಡು ಮಾಡಿ ನೆಟ್ಟು, ಕೆಲವು ತಲೆಮಾರು ದಾಟಿಸಿದ ಮೇಲೆಯೇ ಬದಲಾದ ಭಾಗ ಪೂರ್ತಿ ಗಿಡವಾಗಿ ಕೈಗೆ ಸಿಗುವುದು.

ಹಾಗೆ ಬೆಳೆಸಿದ ಸಾವಿರ ಸಾವಿರ ಗಿಡಗಳಲ್ಲಿ ರೋಗ ತಡೆಯುವುದನ್ನು ಆರಿಸುವುದು ಹೇಗೆ? ಮರ್ರೆ ಆರಿಸುವ ಹೊಣೆಯನ್ನು ಶಿಲೀಂಧ್ರಕ್ಕೇ ಒಪ್ಪಿಸಿದ. ರೋಗ ತುಂಬಿದ್ದ ಹೊಲದಲ್ಲೇ ಗಿಡಗಳನ್ನು ನೆಡಿಸಿದ. ಬೇರೆಯವರು ಬಿಟ್ಟು ಓಡುವ ನೆಲ ಇಲ್ಲಿ ಪರೀಕ್ಷೆಯ ಕೊಠಡಿ, ರೋಗವೇ ಪರೀಕ್ಷಕ. ಸಾಲು ಸಾಲಾಗಿ ಗಿಡಗಳು ನೆಲ ಕಚ್ಚಿದವು. ಅಲ್ಲೊಂದು ಇಲ್ಲೊಂದು ನಿಂತಿತು. ಉಳಿದವನ್ನು ಬೆಳೆಸಿ ಮತ್ತೆ ಅಂಥದೇ ನೆಲಕ್ಕೆ, ಮತ್ತೆ ಪರೀಕ್ಷೆ. ಅದರಲ್ಲಿ ಗೆದ್ದವಕ್ಕೆ ಇನ್ನೊಂದು ಪರೀಕ್ಷೆ ಬಾಕಿ. ಎಣ್ಣೆ ಇಳಿಸಿ, ಉಪಕರಣದಲ್ಲಿ ಅಳೆದು, ಮೂಗಿಗೂ ನಾಲಿಗೆಗೂ ಒಪ್ಪಿಸಬೇಕು. ರೋಗವನ್ನು ಗೆದ್ದು ರುಚಿಯಲ್ಲಿ ಸೋತರೆ ಅದರಿಂದ ಉಪಯೋಗವಿಲ್ಲ.

ಈ ಕೆಲಸದ ವಿವರವನ್ನು ಮರ್ರೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1969ರಲ್ಲಿ ಹೊರತಂದ ಸಂಪುಟದಲ್ಲಿ ಬರೆದ. 1972ರಲ್ಲಿ ಹೊಸ ತಳಿ 'ಟಾಡ್ಸ್ ಮಿಚಮ್' ಎಂಬ ಹೆಸರಿನಲ್ಲಿ ವಿಧಿವತ್ತಾಗಿ ನೋಂದಣಿಯಾಯಿತು. ವಿಕಿರಣ ತಾಗಿಸಿದಂದಿನಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಹದಿನೈದು ವರ್ಷಗಳ ದಾರಿ! ಅದೇ ಪ್ರಯತ್ನದ ಇನ್ನೊಂದು ಕುಡಿ 1977ರಲ್ಲಿ ನೋಂದಣಿಯಾದಾಗ ಅದಕ್ಕೆ ತಳಿಗಾರನ ಹೆಸರನ್ನೇ ಇಟ್ಟರು. ಅದು 'ಮರ್ರೆ ಮಿಚಮ್'.

ಹೊಸ ತಳಿ ರೋಗವನ್ನು ಪೂರ್ತಿ ಗೆದ್ದಿತೆಂದು ಹೇಳುವಂತಿಲ್ಲ. ಶಿಲೀಂಧ್ರ ತೀರ ಹೆಚ್ಚಿರುವ ನೆಲದಲ್ಲಿ ಅದಕ್ಕೂ ಸೊರಗು ಬರುತ್ತದೆ. ಆದರೆ ಹಳೆಯ ಗಿಡ ನಿಲ್ಲದ ಕಡೆ ಇದು ನಿಂತಿತು. ಟಾಡ್ಸ್ ಮಿಚಮ್ ಲೋಕದಲ್ಲೆಲ್ಲ ಹೆಚ್ಚಾಗಿ ಬೆಳೆಯುವ ಪೆಪ್ಪರ್‌ಮಿಂಟ್ ತಳಿಗಳಲ್ಲಿ ಒಂದಾಯಿತು. ಹಲ್ಲುಜ್ಜುವವರಿಗೆ, ಮಿಠಾಯಿ ಚೀಪುವವರಿಗೆ ಮಾತ್ರ ಗಿಡ ಬದಲಾದದ್ದು ಗೊತ್ತೇ ಆಗಲಿಲ್ಲ. ಗೊತ್ತಾಗದಂತೆ ಬದಲಿಸುವುದೇ ತಾನೆ ಮರ್ರೆಗೆ ಒಪ್ಪಿಸಿದ್ದ ಕೆಲಸ!

ಭಾರತದ ಹೊಲಗಳಲ್ಲಿ

ಭಾರತದ ಮಿಂಟ್ ಕಥೆಯ ದಾರಿ ಬೇರೆ. 1950ರ ದಶಕದಲ್ಲಿ ಇಲ್ಲಿಗೆ ಬಂದದ್ದು ಜಪಾನಿ ಮಿಂಟ್. ಅದರ ಎಣ್ಣೆಯ ಮುಕ್ಕಾಲು ಭಾಗದಷ್ಟು ಮೆಂಥಾಲೇ ಇರುತ್ತದೆ. ಈ ಗಿಡ ಬೀಜ ಕಟ್ಟಬಲ್ಲದು. ಹೀಗಾಗಿ ಬೀಜದಿಂದ ಎದ್ದ ಸಸಿಗಳಲ್ಲಿ ಮೇಲಾದದ್ದನ್ನು ಆರಿಸಿ, ಆಮೇಲೆ ಅದನ್ನು ತುಂಡುಗಳಿಂದ ಬೆಳೆಸುವ ಅನುಕೂಲ ಇಲ್ಲಿಯ ವಿಜ್ಞಾನಿಗಳಿಗಿತ್ತು. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯಿಂದ ಶಿವಾಲಿಕ್, ಹಿಮಾಲಯ, ಕೋಸಿ ಮುಂತಾದ ತಳಿಗಳು ಒಂದರ ಹಿಂದೊಂದು ಬಂದವು. ಈ ಸಂಸ್ಥೆಯ ಶಾಖೆಯೊಂದು ಬೆಂಗಳೂರಿನಲ್ಲೂ ಇದೆ. 1990ರ ದಶಕದ ಕೊನೆಗೆ ಬಂದ ಕೋಸಿ ಬೇಗ ಕೊಯ್ಲಿಗೆ ಬರುವ ತಳಿ. ಉತ್ತರ ಪ್ರದೇಶದ ರೈತ ಹಿಂಗಾರು ಬೆಳೆ ಕೊಯ್ದ ಮೇಲೆ, ಭತ್ತದ ನಾಟಿಗೆ ಮೊದಲು ಸಿಗುವ ಕೆಲವೇ ತಿಂಗಳಲ್ಲಿ ಅದನ್ನು ಬೆಳೆದು ಎಣ್ಣೆ ತೆಗೆಯಬಹುದಾಯಿತು. ಇಂದು ನೈಸರ್ಗಿಕ ಮೆಂಥಾಲ್‌ಗಾಗಿ ಜಗತ್ತು ಮುಖ್ಯವಾಗಿ ನೋಡುವುದು ಭಾರತದ ಕಡೆಗೆ.

ಮುಗಿಯದ ಪಾಠ

ಕಲಮಜೂವಿನ ಟಾಡ್ ಕಂಪನಿ 2011ರಲ್ಲಿ ಬೇರೆಯವರ ಪಾಲಾಯಿತು. ಮಿಂಟ್ ಗಿಡಗಳ ಸಂಗ್ರಹ ಮಾತ್ರ ಚದುರಿಹೋಗಲಿಲ್ಲ. ಮರ್ರೆ ತನ್ನ ಪ್ರಯೋಗಗಳಿಗಾಗಿ ಕೂಡಿಸಿದ್ದ ಗಿಡಗಳ ಸಂತತಿ ಒರೆಗಾನ್‌ನ ಕೋರ್ವಾಲಿಸ್‌ನಲ್ಲಿರುವ ಸರ್ಕಾರಿ ಸಸ್ಯ ಭಂಡಾರವನ್ನು ಸೇರಿತು. ಬೀಜವಿಲ್ಲದ ಗಿಡಗಳನ್ನು ಡಬ್ಬಿಯಲ್ಲಿಟ್ಟು ಮರೆಯುವಂತಿಲ್ಲ. ಕುಂಡಗಳಲ್ಲಿ, ಪರೀಕ್ಷಾ ನಳಿಗೆಗಳಲ್ಲಿ ಜೀವಂತವಾಗಿಯೇ ಕಾಪಾಡಬೇಕು. ಅದೇ ಭಂಡಾರದ, ಸೊರಗು ರೋಗ ತಡೆಯಬಲ್ಲ ಕಾಡು ಮಿಂಟ್ ಒಂದರ ಜೀನ್ ನಕ್ಷೆಯ ಕರಡು 2017ರಲ್ಲಿ ಪ್ರಕಟವಾಯಿತು. ಮರ್ರೆ ಕಣ್ಣು ಕಟ್ಟಿಕೊಂಡು ಹೊಡೆದ ಗುರಿಯನ್ನು ಇಂದಿನವರು ಕಣ್ಣು ಬಿಟ್ಟು ಹುಡುಕಲು ಹೊರಟಿದ್ದಾರೆ.

ಹುಡುಕುವ ಅಗತ್ಯ ತೀರಿಲ್ಲ. ಬ್ಲ್ಯಾಕ್ ಮಿಚಮ್‌ನ ಜಾಗದಲ್ಲಿ ಟಾಡ್ಸ್ ಮಿಚಮ್ ಬಂದಿತೇ ಹೊರತು, ಒಂದೇ ಗಿಡ ಊರೂರು ತುಂಬುವ ಪದ್ಧತಿ ಬದಲಾಗಲಿಲ್ಲ. ಎರಡೂ ಒಂದೇ ಗಿಡದ ಮಕ್ಕಳು. ನಾಳೆ ಇನ್ನೊಂದು ರೋಗ ಬಂದರೆ ಮತ್ತೊಬ್ಬ ತಳಿತಜ್ಞ ಮತ್ತೆ ಹದಿನೈದು ವರ್ಷ ಕೂರಬೇಕಾದೀತು. ಆಗ ಆತನಿಗೆ ನೆರವಾಗುವುದು ಇಂದು ಯಾರಿಗೂ ಬೇಡವೆನಿಸಿ ಹಳ್ಳದ ಬದುವಿನಲ್ಲಿ ಬೆಳೆದಿರುವ ಯಾವುದೋ ಕಾಡು ಮಿಂಟ್ ಆಗಿರಬಹುದು.

ಅಂಗಡಿಯ ಭರಣಿಯಿಂದ ಪೆಪ್ಪರಮೆಂಟು ತೆಗೆದು ಬಾಯಿಗೆ ಹಾಕಿಕೊಳ್ಳುವ ಮಗುವಿಗೆ ಇದೆಲ್ಲ ಗೊತ್ತಿರಬೇಕಿಲ್ಲ. ಅದರ ನಾಲಿಗೆಗೆ ಇಂದೂ ಮೊದಲಿನದೇ ತಂಪು ಸಿಗುತ್ತಿದ್ದರೆ, ಮರ್ರೆಯ ಕೆಲಸ ಸರಿಯಾಗಿದೆ ಎಂದೇ ಅರ್ಥ.